ಸೊಂಟದ ಪಿಸ್ತೂಲು, ಎದುರಿಗೆ ಪೊಲೀಸ್

ಬಂದೂಕನ್ನು ಬಟ್ಟೆಯೊಳಗೆ ಬಚ್ಚಿಡದೆ, ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಸೊಂಟಕ್ಕೆ ಕಟ್ಟಿಕೊಂಡೋ ಹೆಗಲಿಗೆ ಹಾಕಿಕೊಂಡೋ ಬೀದಿಯಲ್ಲಿ ಓಡಾಡುವುದನ್ನು ಅಮೆರಿಕದಲ್ಲಿ ಓಪನ್ ಕ್ಯಾರಿ ಎನ್ನುತ್ತಾರೆ. ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಇದು ಒಂದಲ್ಲ ಒಂದು ರೂಪದಲ್ಲಿ ಕಾನೂನುಬದ್ಧ. ಇಲಿನಾಯ್, ನ್ಯೂಯಾರ್ಕ್‌ನಂಥ ಕೆಲವು ಕಡೆ ಪಿಸ್ತೂಲನ್ನು ಹೀಗೆ ಒಯ್ಯುವಂತಿಲ್ಲ. ಫ್ಲಾರಿಡಾದಲ್ಲಿ 1987ರಿಂದ ಇದ್ದ ನಿಷೇಧವನ್ನು ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು 2025ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಟೆಕ್ಸಸ್‌ನಲ್ಲಿ 2016ರ ಜನವರಿ 1ರಿಂದ ಪರವಾನಗಿ ಇದ್ದವರು, 2021ರ ಸೆಪ್ಟೆಂಬರ್ 1ರಿಂದ ಪರವಾನಗಿ ಇಲ್ಲದವರೂ ಪಿಸ್ತೂಲನ್ನು ಹೋಲ್‌ಸ್ಟರ್‌ನಲ್ಲಿಟ್ಟು ಕಾಣುವಂತೆ ಒಯ್ಯಬಹುದು.

ಬಂದೂಕು ಕಂಡದ್ದೊಂದೇ ಕಾರಣಕ್ಕೆ ಪೊಲೀಸರು ಒಬ್ಬನನ್ನು ತಡೆದು ನಿಲ್ಲಿಸಬಹುದೇ ಎಂಬುದು ಈ ಹಕ್ಕಿನ ಸುತ್ತ ಇರುವ ಅತ್ಯಂತ ಕಷ್ಟದ ಪ್ರಶ್ನೆ. ಇಲ್ಲಿ ಅದನ್ನು ಚರ್ಚಿಸುವವರು ಇಬ್ಬರು. ಮಾವ ಕರ್ನಾಟಕ ಪೊಲೀಸ್‌ನಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು, ಹಲವು ವರ್ಷ ಕೊಡಗಿನ ಠಾಣೆಗಳಲ್ಲಿದ್ದವರು. ಅಳಿಯ, ಅಂದರೆ ಅಕ್ಕನ ಮಗ, ಟೆಕ್ಸಸ್‌ನಲ್ಲಿ ನೆಲೆಸಿ ಅಲ್ಲಿನ ಪೌರನಾದವನು, ಈ ಹಕ್ಕನ್ನು ನಂಬಿದವನು.

ಮಾವ: ಅಂಗಿಯೊಳಗೆ ಇಟ್ಟುಕೊಳ್ಳೋದಕ್ಕೂ ಕಾನೂನು ಬಿಡುತ್ತೆ ಅಂತೀಯ. ಹಾಗಿದ್ದ ಮೇಲೆ ಹೊರಗೆ ಕಾಣಿಸಿಕೊಂಡು ಹೋಗುವ ದರ್ದು ಏನು?

ಅಳಿಯ: ಬಚ್ಚಿಡುವವನ ಮೇಲೆ ತಾನೇ ಮಾವ ಅನುಮಾನ ಬರಬೇಕಾದ್ದು? ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ದಕ್ಷಿಣದ ನ್ಯಾಯಾಲಯಗಳು ಹೀಗೇ ಯೋಚಿಸಿದ್ದವು. 1846ರಲ್ಲಿ ಜಾರ್ಜಿಯಾದ ಸುಪ್ರೀಂ ಕೋರ್ಟ್, ಬಚ್ಚಿಟ್ಟು ಒಯ್ಯುವುದನ್ನು ಸರ್ಕಾರ ತಡೆಯಲಿ, ಕಾಣುವಂತೆ ಒಯ್ಯುವುದನ್ನು ತಡೆಯಬಾರದು ಅಂತ ತೀರ್ಪು ಕೊಟ್ಟಿತು. ಕಣ್ಣಿಗೆ ಕಾಣುವ ಆಯುಧ ಮರ್ಯಾದಸ್ಥನದು, ಮರೆಯಲ್ಲಿರುವುದು ಕೇಡಿಗನದು ಅನ್ನುವ ಭಾವನೆ ಆಗಿನದು. ಇನ್ನು ನಿತ್ಯದ ಮಾತಿಗೆ ಬಂದರೆ, ಟೆಕ್ಸಸ್‌ನ ಬಿಸಿಲಲ್ಲಿ ಕೋಟು ಹಾಕಿಕೊಂಡು ತಿರುಗೋಕಾಗುತ್ತಾ? ಹಿಂದೆಲ್ಲ ಗಾಳಿಗೆ ಅಂಗಿ ಮೇಲೆ ಸರಿದು ಪಿಸ್ತೂಲಿನ ಹಿಡಿ ಕಂಡರೆ ಕೇಸು ಬೀಳುತ್ತೆ ಅನ್ನುವ ಭಯ ಇತ್ತು.

ಮಾವ: ಕೋವಿ ಕಂಡರೆ ಗಾಬರಿಯಾಗುವ ಜಾಯಮಾನ ನನ್ನದಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಮನೆಮನೆಯಲ್ಲೂ ಕೋವಿಗಳನ್ನು ಒರೆಸಿ, ನಳಿಗೆಗೆ ತೋಕ್‌ಪೂ ಹೂವು ಸಿಕ್ಕಿಸಿ, ನಡುಮನೆಯ ನೆಲ್ಲಕ್ಕಿ ಬಾಡೆಯಲ್ಲಿ ದೀಪದ ಮುಂದೆ ಇಟ್ಟಿರುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸದ್ದು ಕೇಳಿದ ಊರಿಗೆ ಸುದ್ದಿ ಅರ್ಥವಾಗುತ್ತೆ. ಆದರೆ ಅಲ್ಲಿ ಆ ಕೋವಿ ಯಾವ ಮನೆತನದ್ದು, ಹಿಡಿದವನು ಯಾರ ಮಗ ಅಂತ ಠಾಣೆಯ ದಫೇದಾರನಿಗೂ ಗೊತ್ತಿರುತ್ತೆ. ನಿಮ್ಮ ಊರಿನ ಅಂಗಡಿಯಲ್ಲಿ ರೈಫಲ್ ಹೆಗಲಿಗೇರಿಸಿ ಬಂದವನ ಹೆಸರು ಯಾರಿಗೆ ಗೊತ್ತು?

ಅಳಿಯ: ಯಾರಿಗೂ ಗೊತ್ತಿಲ್ಲ. ಗೊತ್ತಿರಲೇಬೇಕು ಅಂತ ಇಲ್ಲಿನ ಕಾನೂನು ಕೇಳೋದೂ ಇಲ್ಲ. ಕೊಡವರಿಗೆ ಇರೋದು ಕೋವಿ ಪರವಾನಗಿಯಿಂದ ವಿನಾಯಿತಿ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟದ್ದು, 1959ರ ಆಯುಧ ಕಾಯ್ದೆಯ 41ನೇ ಸೆಕ್ಷನ್ ಕೆಳಗೆ ಮುಂದುವರಿದದ್ದು. ಈಗಿನ ಅಧಿಸೂಚನೆ 2029ರ ಅಕ್ಟೋಬರ್‌ವರೆಗೆ ಮಾತ್ರ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದದ್ದು ನಿಜ, ಆದರೂ ಕೊಟ್ಟ ಸರ್ಕಾರ ನಾಳೆ ವಾಪಸು ತಗೋಬಹುದು. ಇಲ್ಲಿಯದು ಹಕ್ಕು. 1791ರ ಎರಡನೇ ತಿದ್ದುಪಡಿ. ಅದು ವ್ಯಕ್ತಿಯ ಹಕ್ಕು ಅಂತ 2008ರಲ್ಲಿ ಹೆಲರ್ ಪ್ರಕರಣದಲ್ಲಿ, ಮನೆಯಾಚೆಗೂ ಉಂಟು ಅಂತ 2022ರಲ್ಲಿ ಬ್ರೂಯೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮಾವ: ಹಕ್ಕು ಅಂತೀಯಲ್ಲ, ಟೆಕ್ಸಸ್‌ನ ಇತಿಹಾಸವನ್ನೂ ನೋಡು. ಪಿಸ್ತೂಲು ಒಯ್ಯಬಾರದು ಅಂತ 1871ರಲ್ಲಿ ಕಾನೂನು ಮಾಡಿದ ರಾಜ್ಯ ಅದು. ಕುದುರೆ ಸವಾರರ ಸಿನಿಮಾ ನೋಡಿದವರಿಗೆ ನಂಬೋಕೆ ಕಷ್ಟ. ಬಚ್ಚಿಟ್ಟು ಒಯ್ಯಲು ಪರವಾನಗಿ ಕೊಡುವ ಕಾನೂನು ಬಂದದ್ದು 1995ರಲ್ಲಿ, ಕಾಣುವಂತೆ ಒಯ್ಯಲು ಬಿಟ್ಟದ್ದು 2016ರಲ್ಲಿ. ನಡುವಿನ ನೂರಾನಲವತ್ತು ವರ್ಷ ಅಲ್ಲಿನ ಜನಕ್ಕೆ ಹಕ್ಕೇ ಇರಲಿಲ್ಲವೇ?

ಅಳಿಯ: ರೈಫಲ್‌ಗೆ ಆ ತಡೆ ಇರಲಿಲ್ಲ. ಪಿಸ್ತೂಲಿನ ವಿಷಯದಲ್ಲಿ ನೀವು ಹೇಳೋದು ಸರಿ. ಹಕ್ಕು ಕಾಗದದ ಮೇಲಿದ್ದು ಕೈಗೆ ಸಿಗದಿದ್ದ ಕಾಲವೂ ಇತ್ತು. ಯಾರ ಕೈಗೆ ಸಿಗದಿರಲಿ ಅಂತ ಕಾನೂನು ಮಾಡುತ್ತಿದ್ದರು ಅನ್ನೋದಕ್ಕೆ ಕ್ಯಾಲಿಫೋರ್ನಿಯಾ ಸಾಕ್ಷಿ.

ಈ ಕ್ಯಾಲಿಫೋರ್ನಿಯಾ ಪ್ರಸಂಗ ಪೊಲೀಸ್ ಮತ್ತು ಕಾಣುವ ಬಂದೂಕಿನ ಚರಿತ್ರೆಯಲ್ಲಿ ಮುಖ್ಯವಾದದ್ದು. 1966ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ ಬ್ಲ್ಯಾಕ್ ಪ್ಯಾಂಥರ್ ಪಕ್ಷವನ್ನು ಕಟ್ಟಿದರು. ಪೊಲೀಸರು ಕಪ್ಪು ಜನರನ್ನು ರಸ್ತೆಯಲ್ಲಿ ತಡೆದಾಗಲೆಲ್ಲ ಅದರ ಕಾರ್ಯಕರ್ತರು ಗುಂಡು ತುಂಬಿದ ಬಂದೂಕುಗಳೊಂದಿಗೆ ಕಾನೂನು ಬಿಟ್ಟ ಅಂತರದಲ್ಲಿ ನಿಂತು, ತಡೆಯಲ್ಪಟ್ಟವನಿಗೆ ಅವನ ಹಕ್ಕುಗಳನ್ನು ಓದಿ ಹೇಳುತ್ತಿದ್ದರು. ಆಗಿನ ಕಾನೂನಿನ ಪ್ರಕಾರ ಅದು ಅಪರಾಧವಾಗಿರಲಿಲ್ಲ. ಇದನ್ನು ನಿಲ್ಲಿಸಲೆಂದೇ ಶಾಸಕ ಡಾನ್ ಮಲ್ಫರ್ಡ್ ಮಸೂದೆ ತಂದರು. 1967ರ ಮೇ 2ರಂದು ಪ್ಯಾಂಥರ್‌ಗಳ ಗುಂಪೊಂದು ಬಂದೂಕು ಹಿಡಿದೇ ಸ್ಯಾಕ್ರಮೆಂಟೊದ ಶಾಸನಸಭೆಯೊಳಗೆ ಹೋಗಿ ಪ್ರತಿಭಟಿಸಿತು. ಮಸೂದೆ ಇನ್ನಷ್ಟು ಬಿಗಿಯಾಗಿ ಅಂಗೀಕಾರವಾಯಿತು, ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದರು. ನ್ಯಾಷನಲ್ ರೈಫಲ್ ಅಸೋಸಿಯೇಷನ್ ಆಗ ಅದರ ಪರವಾಗಿತ್ತು.

ಮಾವ: ಪೊಲೀಸನ ಜಾಗದಲ್ಲಿ ನಿಂತು ಇದನ್ನು ನೋಡು. ಒಬ್ಬನ ಲೈಸೆನ್ಸ್ ನೋಡುತ್ತಾ ಬಗ್ಗಿದ್ದೀಯ, ಹಿಂದೆ ನಾಲ್ಕು ಜನ ತೋಟಾ ತುಂಬಿದ ಕೋವಿ ಹಿಡಿದು ನಿಂತಿದ್ದಾರೆ. ಅವರು ಕಾನೂನು ಪುಸ್ತಕ ಓದುತ್ತಿದ್ದರೂ ಎದೆ ಡವಗುಟ್ಟದೆ ಇರುತ್ತಾ?

ಅಳಿಯ: ತಡೆಯಲ್ಪಟ್ಟವನ ಎದೆ ಅದಕ್ಕೂ ಮೊದಲೇ ಡವಗುಟ್ಟುತ್ತಿತ್ತು ಮಾವ. ಅವರು ಬೀದಿಗೆ ಬಂದದ್ದೇ ಅದಕ್ಕೆ. ಈ ದೇಶದಲ್ಲಿ ಬಂದೂಕಿನ ಹಕ್ಕಿನ ಬಗ್ಗೆ ಬಾಯಿತುಂಬ ಮಾತಾಡುವವರು ಆ ದಿನ ಅವರ ಪರ ನಿಲ್ಲಲಿಲ್ಲ ಅನ್ನೋದು ಈಗಲೂ ಹಲವರಿಗೆ ನೋವಿನ ವಿಷಯ. ನನಗೂ.

ಮಾವ: ಸರಿ, ಈಗಿನ ಮಾತಿಗೆ ಬಾ. ನೀನು ಪಿಸ್ತೂಲು ಕಟ್ಟಿಕೊಂಡು ನಡೆದು ಹೋಗ್ತಿದ್ದೀಯ. ಪೊಲೀಸ್ ಕಾರು ಪಕ್ಕಕ್ಕೆ ಬಂದು ನಿಲ್ಲುತ್ತೆ. ಅವನಿಗೆ ನಿನ್ನನ್ನು ನಿಲ್ಲಿಸುವ ಅಧಿಕಾರ ಉಂಟೋ ಇಲ್ಲವೋ?

ಅಳಿಯ: ಮಾತಾಡಿಸುವ ಅಧಿಕಾರ ಯಾವಾಗಲೂ ಉಂಟು. 'ನಮಸ್ಕಾರ, ಎಲ್ಲಿಗೆ ಹೊರಟಿರಿ' ಅಂತ ಕೇಳಬಹುದು. ಉತ್ತರ ಕೊಡದೆ ಮುಂದೆ ಹೋಗುವ ಸ್ವಾತಂತ್ರ್ಯ ನನಗೂ ಉಂಟು. ಬಲವಂತವಾಗಿ ನಿಲ್ಲಿಸಬೇಕಾದರೆ ಅಪರಾಧ ನಡೆದಿದೆ ಅಥವಾ ನಡೆಯಲಿದೆ ಅನ್ನೋದಕ್ಕೆ ಬಾಯಿಬಿಟ್ಟು ಹೇಳಬಲ್ಲ ಕಾರಣ ಬೇಕು. ಮೈ ತಡಕಬೇಕಾದರೆ ಇವನ ಹತ್ತಿರ ಆಯುಧವಿದೆ, ಇವನಿಂದ ಅಪಾಯವಿದೆ ಅಂತ ನಂಬಲು ಆಧಾರ ಬೇಕು. ಇದು 1968ರ ಟೆರಿ ತೀರ್ಪು. ಕ್ಲೀವ್‌ಲ್ಯಾಂಡ್‌ನ ಒಬ್ಬ ಪತ್ತೇದಾರ, ಅಂಗಡಿಯೊಂದರ ಕಿಟಕಿಯನ್ನು ಮತ್ತೆ ಮತ್ತೆ ಇಣುಕಿ ನೋಡುತ್ತಿದ್ದವರನ್ನು ತಡೆದು ಮೈ ತಡಕಿದಾಗ ಪಿಸ್ತೂಲು ಸಿಕ್ಕಿತು. ತಡೆದದ್ದು ಸರಿ ಅಂತ ಕೋರ್ಟ್ ಹೇಳಿತು, ಜೊತೆಗೆ ಎಷ್ಟರಮಟ್ಟಿಗೆ ಸರಿ ಅಂತ ಗೆರೆಯನ್ನೂ ಎಳೆಯಿತು.

ಮಾವ: ಸೊಂಟದಲ್ಲಿ ಪಿಸ್ತೂಲು ಕಾಣ್ತಾ ಇದೆ. ಇನ್ನೇನು ಆಧಾರ ಬೇಕು?

ಅಳಿಯ: ಪಿಸ್ತೂಲು ಒಯ್ಯೋದೇ ಕಾನೂನುಬದ್ಧ ಆಗಿರುವ ರಾಜ್ಯದಲ್ಲಿ ಪಿಸ್ತೂಲು ಕಂಡದ್ದು ಅಪರಾಧದ ಗುರುತು ಹೇಗಾಗುತ್ತೆ? 2000ದಲ್ಲಿ ಫ್ಲಾರಿಡಾದ ಮೊಕದ್ದಮೆಯೊಂದು ಸುಪ್ರೀಂ ಕೋರ್ಟಿಗೆ ಬಂತು. ಮಯಾಮಿಯ ಬಸ್‌ಸ್ಟಾಪಿನಲ್ಲಿ ಚೌಕಳಿ ಅಂಗಿ ಹಾಕಿದ ಹುಡುಗನ ಹತ್ತಿರ ಗನ್ ಇದೆ ಅಂತ ಯಾರೋ ಹೆಸರು ಹೇಳದೆ ಫೋನ್ ಮಾಡಿದ್ದರು. ಪೊಲೀಸರು ಹೋಗಿ ತಡಕಿದರು, ಗನ್ ಸಿಕ್ಕಿತು. ಆದರೂ ಒಂಬತ್ತೂ ನ್ಯಾಯಮೂರ್ತಿಗಳು ಆ ತಪಾಸಣೆ ತಪ್ಪು ಅಂದರು. ಬಂದೂಕಿನ ವಿಷಯ ಅಂದ ಮಾತ್ರಕ್ಕೆ ನಿಯಮಕ್ಕೆ ರಿಯಾಯಿತಿ ಕೊಡಲಾಗದು ಅಂತ.

ಮಾವ: ಅದು ಹೆಸರಿಲ್ಲದ ಫೋನಿನ ಮಾತಾಯಿತು. ಕಣ್ಣಾರೆ ಕಂಡದ್ದಕ್ಕೆ?

ಅಳಿಯ: ಅದಕ್ಕೆ ಟೊಲೆಡೊ ಪ್ರಕರಣ ಇದೆ. 2010ರ ಬೇಸಿಗೆಯ ಒಂದು ಸಂಜೆ, ಒಹಾಯೊದ ಟೊಲೆಡೊದಲ್ಲಿ ಒಬ್ಬ ಹೆಂಡತಿ, ಮಗಳು, ಮೊಮ್ಮಗನ ಜೊತೆ ನಾಯಿ ತಿರುಗಾಡಿಸೋಕೆ ಹೊರಟಿದ್ದ. ಸೊಂಟದ ಹೋಲ್‌ಸ್ಟರ್‌ನಲ್ಲಿ ಪಿಸ್ತೂಲು. ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ಹೀಗೆಲ್ಲ ಗನ್ ಹಿಡಿದು ತಿರುಗುವಂತಿಲ್ಲ ಅಂತ ಕೂಗಿ, ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿದ. ಪೊಲೀಸ್ ಬಂದವನೇ ನಾಯಿಯ ಹಗ್ಗವನ್ನು ಹೆಂಡತಿಗೆ ಕೊಡು ಅಂದ, ಪಿಸ್ತೂಲು ಕಸಿದುಕೊಂಡ, ಕೈಕೋಳ ಹಾಕಿ ಕಾರಿನಲ್ಲಿ ಕೂರಿಸಿದ. ಹಾಕಿದ ಕೇಸು ಆಮೇಲೆ ನಿಲ್ಲಲಿಲ್ಲ. ಆತ ಪೊಲೀಸನ ಮೇಲೆ ದಾವೆ ಹೂಡಿದ. 2015ರಲ್ಲಿ ಆರನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ, ಒಹಾಯೊದಲ್ಲಿ ಕಾಣುವಂತೆ ಒಯ್ಯುವುದು ಕಾನೂನು ಒಪ್ಪಿದ ಕೆಲಸ, ಅದೊಂದನ್ನೇ ನೋಡಿ ತಡೆದು ಆಯುಧ ಕಸಿಯುವಂತಿಲ್ಲ, ದಾವೆ ನಡೆಯಲಿ ಅಂತ ಹೇಳಿತು. ಫೋನ್ ಮಾಡಿದವನಿಗೆ ಕಾನೂನು ಗೊತ್ತಿಲ್ಲದಿರಬಹುದು, ಪೊಲೀಸನಿಗೆ ಗೊತ್ತಿರಬೇಕು.

ಮಾವ: ತೀರ್ಪು ಬಂದದ್ದು ಘಟನೆ ನಡೆದು ಐದು ವರ್ಷಕ್ಕೆ. ಪೊಲೀಸನಿಗೆ ಆ ಸಂಜೆ ಸಿಕ್ಕಿದ ಸಮಯ ಎಷ್ಟು? ಕಂಟ್ರೋಲ್ ರೂಮಿನಿಂದ 'ಗನ್ ಹಿಡಿದ ಮನುಷ್ಯ' ಅಂತ ಕರೆ ಬಂದರೆ ಹೋಗಲೇಬೇಕು. ಹೋಗದೆ ಇದ್ದು, ಅವನು ಮುಂದಿನ ಬೀದಿಯಲ್ಲಿ ಗುಂಡು ಹಾರಿಸಿದರೆ ಯಾರನ್ನು ಕೇಳುತ್ತಾರೆ? ಹೋದ ಮೇಲೆ ಸುಮ್ಮನೆ ನೋಡಿಕೊಂಡು ನಿಲ್ಲಬೇಕೇ?

ಅಳಿಯ: ಮಾತಾಡಿಸಲಿ, ಗಮನಿಸಲಿ. ಹೋಲ್‌ಸ್ಟರ್‌ನಲ್ಲಿ ಇದೆಯೋ ಕೈಯಲ್ಲಿದೆಯೋ, ಯಾರ ಕಡೆಗಾದರೂ ಗುರಿ ಮಾಡಿದ್ದಾನೋ, ಕುಡಿದಿದ್ದಾನೋ, ಶಾಲೆಯ ಬಳಿ ಇದ್ದಾನೋ. ಇವುಗಳಲ್ಲಿ ಒಂದು ಸೇರಿದರೂ ಲೆಕ್ಕ ಬದಲಾಗುತ್ತೆ.

ಮಾವ: ನಮ್ಮ ಕಾಯ್ದೆಯಲ್ಲಿ ಈ ಗೊಂದಲವೇ ಇಲ್ಲ. ಆಯುಧ ಕಾಯ್ದೆಯ 19ನೇ ಸೆಕ್ಷನ್ ಓದು. ಆಯುಧ ಒಯ್ಯುತ್ತಿರುವ ಯಾರನ್ನೇ ಆಗಲಿ ಪೊಲೀಸ್ ಅಧಿಕಾರಿ ಪರವಾನಗಿ ತೋರಿಸು ಅಂತ ಕೇಳಬಹುದು. ಅದು ಇಲ್ಲದಿದ್ದರೆ, ತನಗೆ ವಿನಾಯಿತಿ ಇದೆ ಅಂತಲಾದರೂ ತೋರಿಸಬೇಕು. ಎರಡೂ ಇಲ್ಲ ಅಂದರೆ ಹೆಸರು, ವಿಳಾಸ ಕೇಳಿ ಆಯುಧ ವಶಪಡಿಸಿಕೊಳ್ಳಬಹುದು. ಹೆಸರು ಹೇಳದಿದ್ದರೆ ವಾರಂಟ್ ಇಲ್ಲದೆ ದಸ್ತಗಿರಿ. ಕೇಳುವುದಕ್ಕೆ ಅನುಮಾನ ಬೇಕು ಅಂತ ಎಲ್ಲೂ ಇಲ್ಲ. ಪರವಾನಗಿ ಇದ್ದವನೂ ಜಾತ್ರೆ, ಮೆರವಣಿಗೆ, ಕಾಲೇಜಿನ ಆವರಣಕ್ಕೆ ಕೋವಿ ತರುವಂತಿಲ್ಲ. ನೇರವಾದ ಕಾನೂನು, ಪೊಲೀಸನಿಗೂ ಗೊತ್ತು, ಒಯ್ಯುವವನಿಗೂ ಗೊತ್ತು.

ಅಳಿಯ: ನೇರ ಇರಬಹುದು. ಚುನಾವಣೆ ಬಂದಾಗಲೆಲ್ಲ ಸುಳ್ಯ, ಪುತ್ತೂರಿನ ತೋಟದವರು ಬೆಳೆ ರಕ್ಷಣೆಯ ಕೋವಿ ಹೊತ್ತುಕೊಂಡು ಠಾಣೆಯ ಮೆಟ್ಟಿಲು ಹತ್ತಬೇಕಲ್ಲ, ಅದೂ ಆ ನೇರದ ಫಲವೇ. ಯಾವ ತಪ್ಪೂ ಮಾಡದವನು ಕಾಡುಹಂದಿ ತೋಟಕ್ಕೆ ನುಗ್ಗುವ ದಿನಗಳಲ್ಲಿ ಬರಿಗೈಲಿ ಕೂರಬೇಕು. ಅವರನ್ನು ಕೇಳಿ ನೋಡಿ, ಆ ಅಧಿಕಾರ ಎಷ್ಟು ಭಾರ ಅಂತ.

ಮಾವ: ಅದು ನಿಜವಾದ ಕಷ್ಟ. ಪ್ರತಿ ಸಲ ಅರ್ಜಿ ಹಿಡಿದು ಬರುತ್ತಿದ್ದವರನ್ನು ನಾನೇ ಎದುರಿಸಿದ್ದೇನೆ. ನಾವು ವಾಪಸು ಕಳಿಸಿದವರಲ್ಲಿ ಹೆಚ್ಚಿನವರು ಯಾರ ಮೇಲೂ ಕೋವಿ ಎತ್ತುವವರಲ್ಲ. ಆದರೂ ಒಂದು ಕೇಳ್ತೀನಿ: ನಿಮ್ಮಲ್ಲಿ ಎಲ್ಲ ಕೋರ್ಟೂ ಟೊಲೆಡೊ ಥರವೇ ಹೇಳುತ್ತಾ?

ಅಳಿಯ: ಇಲ್ಲ. ನಾಲ್ಕನೇ ಸರ್ಕಿಟ್ 2013ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. ಅದೇ ನ್ಯಾಯಾಲಯದ ಪೂರ್ಣಪೀಠ 2017ರಲ್ಲಿ ವೆಸ್ಟ್ ವರ್ಜೀನಿಯಾದ ಪ್ರಕರಣದಲ್ಲಿ ಇನ್ನೊಂದು ಬದಿ ತೋರಿಸಿತು. ಸೀಟ್ ಬೆಲ್ಟ್ ಹಾಕಿಲ್ಲ ಅಂತ ಕಾರು ನಿಲ್ಲಿಸಿದ್ದು ಸರಿಯಾಗಿದ್ದರೆ, ಒಳಗಿರುವವನ ಹತ್ತಿರ ಆಯುಧ ಇದೆ ಅನ್ನುವ ಸಕಾರಣ ಅನುಮಾನವೇ ತಡಕಲು ಸಾಕು, ಆಯುಧ ಕಾನೂನುಬದ್ಧವೋ ಅಲ್ಲವೋ ಅನ್ನೋದು ಬೇರೆ ಮಾತು ಅಂತ. ಅಂದರೆ ನಡೆದು ಹೋಗುವವನಿಗೆ ಒಂದು ರಕ್ಷಣೆ, ಕಾರಿನಲ್ಲಿ ಹೋಗುವವನಿಗೆ ಅದಕ್ಕಿಂತ ಕಡಿಮೆ.

ಮಾವ: ಕಾರು ನಿಲ್ಲಿಸೋಕೆ ಕಾರಣ ಹುಡುಕುವುದು ಪೊಲೀಸನಿಗೆ ಕಷ್ಟದ ಕೆಲಸವಲ್ಲ. ಅದನ್ನು ನಾನು ಹೇಳಿದರೆ ನೀನು ನಂಬಬಹುದು.

ಕಾನೂನಿನ ಈ ಗೆರೆಗಳು ನೂರಾರು ಪುಟಗಳ ತೀರ್ಪುಗಳಲ್ಲಿ ಮೂಡಿದವು. ಜೀವಹಾನಿಯಾದ ಪ್ರಸಂಗಗಳಲ್ಲಿ ನಿರ್ಧಾರಕ್ಕೆ ಸಿಕ್ಕಿದ್ದು ಕೆಲವೇ ಸೆಕೆಂಡು. 2014ರ ಆಗಸ್ಟ್‌ನಲ್ಲಿ ಒಹಾಯೊದ ಬೀವರ್‌ಕ್ರೀಕ್‌ನ ವಾಲ್‌ಮಾರ್ಟ್‌ನಲ್ಲಿ ಕಪ್ಪು ಯುವಕನೊಬ್ಬ, ಮಾರಾಟಕ್ಕಿಟ್ಟಿದ್ದ ಗಾಳಿಬಂದೂಕನ್ನು ಕೈಗೆತ್ತಿಕೊಂಡು ಫೋನಿನಲ್ಲಿ ಮಾತನಾಡುತ್ತಾ ಸಾಲುಗಳ ನಡುವೆ ಓಡಾಡುತ್ತಿದ್ದ. ಆತ ಜನರ ಕಡೆ ಗುರಿಯಿಡುತ್ತಿದ್ದಾನೆಂದು ಒಬ್ಬ ಗ್ರಾಹಕ 911ಕ್ಕೆ ತಿಳಿಸಿದ. ಪೊಲೀಸರು ಬಂದೊಡನೆ ಗುಂಡು ಹಾರಿಸಿದರು. ಯುವಕ ಸತ್ತ. ಗುರಿಯಿಟ್ಟದ್ದನ್ನು ನೋಡಿದೆ ಎಂಬ ಮಾತನ್ನು ಫೋನ್ ಮಾಡಿದವನು ಅನಂತರ ಹಿಂತೆಗೆದುಕೊಂಡ. ಪೊಲೀಸರ ಮೇಲೆ ಆರೋಪ ಹೊರಿಸಲು ಗ್ರ್ಯಾಂಡ್ ಜ್ಯೂರಿ ಒಪ್ಪಲಿಲ್ಲ. ಅದು ನಿಜವಾದ ರೈಫಲ್ಲೇ ಆಗಿದ್ದರೂ, ಒಹಾಯೊದಲ್ಲಿ ಅದನ್ನು ಕಾಣುವಂತೆ ಒಯ್ಯುವುದು ಅಪರಾಧವಲ್ಲ.

ಅಳಿಯ: ಈ ಒಂದು ಘಟನೆಗೆ ನನ್ನ ಹತ್ತಿರ ಉತ್ತರವಿಲ್ಲ ಮಾವ. ಅದೇ ರಾಜ್ಯ, ಅದೇ ಕಾನೂನು. ಟೊಲೆಡೊದವನು ಕೋರ್ಟಿಗೆ ಹೋಗಿ ಗೆದ್ದ. ಬೀವರ್‌ಕ್ರೀಕ್‌ನವನಿಗೆ ಬಾಯಿ ತೆರೆಯುವಷ್ಟೂ ಸಮಯ ಸಿಗಲಿಲ್ಲ.

ಮಾವ: ಹೇಳಿದವನಿಗೂ ಸಿಕ್ಕಿಲ್ಲವಲ್ಲ? ಮಿನೆಸೊಟಾದಲ್ಲಿ 2016ರ ಜುಲೈನಲ್ಲಿ, ಶಾಲೆಯ ಊಟದ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬನ ಕಾರು ನಿಲ್ಲಿಸಿದರು. ಪರವಾನಗಿ ಇತ್ತು. 'ಸರ್, ನನ್ನ ಬಳಿ ಗನ್ ಇದೆ' ಅಂತ ಶಾಂತವಾಗಿ ತಾನೇ ಹೇಳಿದ. ಪೊಲೀಸ್ ಏಳು ಗುಂಡು ಹಾರಿಸಿದ. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗು ಇತ್ತು. ಮರುವರ್ಷ ಜ್ಯೂರಿ ಆ ಪೊಲೀಸನನ್ನು ಬಿಡುಗಡೆ ಮಾಡಿತು. ನಾನು ಮೂವತ್ತು ಚಿಲ್ಲರೆ ವರ್ಷ ಖಾಕಿ ಹಾಕಿದವನು, ಆ ವಿಡಿಯೊ ಎರಡನೇ ಸಲ ನೋಡಲಾಗಲಿಲ್ಲ.

ಅಳಿಯ: ಅವನು ಬಚ್ಚಿಟ್ಟು ಒಯ್ಯುತ್ತಿದ್ದವನು. ಮೊದಲೇ ಕಾಣುವಂತೆ ಇದ್ದಿದ್ದರೆ ಪೊಲೀಸ್ ಅಷ್ಟು ಹಠಾತ್ತಾಗಿ ಹೆದರುತ್ತಿರಲಿಲ್ಲವೇನೋ.

ಮಾವ: ಅಥವಾ ಮೊದಲೇ ಹೆದರಿರುತ್ತಿದ್ದ. ಅದೇ ವಾರ ಡಲ್ಲಾಸ್‌ನಲ್ಲಿ ಆದದ್ದು ಮರೆತೆಯಾ? ಆ ಸಾವನ್ನೂ ಸೇರಿಸಿ ಪ್ರತಿಭಟಿಸುತ್ತಿದ್ದ ಮೆರವಣಿಗೆಯಲ್ಲಿ ಇಪ್ಪತ್ತು ಮೂವತ್ತು ಜನ ರೈಫಲ್ ತೂಗುಹಾಕಿಕೊಂಡು ಬಂದಿದ್ದರು, ಕಾನೂನಿನ ಪ್ರಕಾರವೇ. ಬೇರೊಬ್ಬ ಹಂತಕ ಗುಂಡು ಹಾರಿಸಿ ಐವರು ಪೊಲೀಸರನ್ನು ಕೊಂದ. ರೈಫಲ್ ಇದ್ದವರೂ ಓಡಿದರು. ಯಾರು ಹಂತಕ, ಯಾರು ಮೆರವಣಿಗೆಯವ ಅಂತ ಹೇಗೆ ತಿಳಿಯೋದು? ಪೊಲೀಸರೇ ಒಬ್ಬ ಅಮಾಯಕನ ಫೋಟೊವನ್ನು ಶಂಕಿತ ಅಂತ ಟ್ವಿಟರ್‌ಗೆ ಹಾಕಿಬಿಟ್ಟರು. ಪೊಲೀಸ್ ಮುಖ್ಯಸ್ಥ ಡೇವಿಡ್ ಬ್ರೌನ್ ಆಮೇಲೆ ಇದೇ ಕಷ್ಟ ಹೇಳಿಕೊಂಡರು.

ಅಳಿಯ: ಆ ಅಮಾಯಕ ಮಾಡಿದ್ದನ್ನೂ ಹೇಳಿ. ಗುಂಡಿನ ಸದ್ದು ಕೇಳಿದ ಕೂಡಲೇ ತನ್ನ ರೈಫಲ್ಲನ್ನು ಹತ್ತಿರದ ಪೊಲೀಸನಿಗೆ ಒಪ್ಪಿಸಿದ. ಆ ಪೊಲೀಸ್ ಅದನ್ನು ಶಾಂತವಾಗಿ ತೆಗೆದುಕೊಂಡ. ಹತ್ತಿರದಿಂದ ಮುಖ ನೋಡಿದ ಪೊಲೀಸನಿಗೆ ಅವನು ಅಪಾಯ ಅನ್ನಿಸಲಿಲ್ಲ. ದೂರದಿಂದ ಫೋಟೊ ನೋಡಿದವರಿಗೆ ಅನ್ನಿಸಿತು.

ಮಾವ: ಒಪ್ಪಿದೆ. ಆದರೆ ಸಾವಿರ ಜನ ಓಡುವ ಕಡೆ ಎಲ್ಲರ ಮುಖವನ್ನೂ ಹತ್ತಿರದಿಂದ ನೋಡಲಾಗದು. ಅದಾದ ಹನ್ನೊಂದೇ ದಿನಕ್ಕೆ ಕ್ಲೀವ್‌ಲ್ಯಾಂಡ್‌ನಲ್ಲಿ ರಿಪಬ್ಲಿಕನ್ ಸಮಾವೇಶ. ಅಲ್ಲಿನ ಪೊಲೀಸ್ ಸಂಘದವರು, ಸಮಾವೇಶ ಮುಗಿಯುವವರೆಗಾದರೂ ಓಪನ್ ಕ್ಯಾರಿ ನಿಲ್ಲಿಸಿ ಅಂತ ಗವರ್ನರ್‌ಗೆ ಮೊರೆಯಿಟ್ಟರು. ತನಗೆ ಆ ಅಧಿಕಾರ ಇಲ್ಲ ಅಂದರು ಗವರ್ನರ್. 2020ರ ಏಪ್ರಿಲ್ ಕೊನೆಗೆ ಮಿಷಿಗನ್‌ನ ಶಾಸನಸಭೆಯೊಳಗೆ ಜನ ರೈಫಲ್ ಹಿಡಿದು ನುಗ್ಗಿದ್ದನ್ನೂ ನೋಡಿದ್ದೇವೆ. ಒಳಗೆ ಕೂತ ಶಾಸಕರಲ್ಲಿ ಕೆಲವರು ಗುಂಡುನಿರೋಧಕ ಅಂಗಿ ತೊಟ್ಟಿದ್ದರು. ಅದು ಮಾತುಕತೆಯೋ ಬೆದರಿಕೆಯೋ?

ಅಳಿಯ: ಬೆದರಿಕೆ. ನಾನು ಅದನ್ನು ಸಮರ್ಥಿಸೋದಿಲ್ಲ. ಆ ಕಟ್ಟಡದೊಳಗೆ ಕಾಣುವಂತೆ ಬಂದೂಕು ತರಬಾರದು ಅಂತ 2021ರಲ್ಲಿ ನಿಯಮ ಮಾಡಿದರು, ಒಳ್ಳೆಯದೇ ಆಯಿತು. ಸ್ಥಳಕ್ಕೆ ಮಿತಿ ಇರಲಿ. ಟೆಕ್ಸಸ್‌ನಲ್ಲಿ ಅಂಗಡಿಯವನಿಗೆ ತನ್ನ ಬಾಗಿಲಲ್ಲಿ 30.07 ಅನ್ನುವ ಫಲಕ ಹಾಕುವ ಹಕ್ಕಿದೆ. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಅಕ್ಷರ ಕನಿಷ್ಠ ಒಂದಂಗುಲ ಎತ್ತರ ಇರಬೇಕು, ಹಿನ್ನೆಲೆಗೆ ಎದ್ದು ಕಾಣುವ ಬಣ್ಣ ಇರಬೇಕು, ಪ್ರತಿ ಬಾಗಿಲಲ್ಲೂ ಇರಬೇಕು. ಅದನ್ನು ನೋಡಿಯೂ ಪಿಸ್ತೂಲು ಕಾಣುವಂತೆ ಒಳಗೆ ಹೋದರೆ ಅತಿಕ್ರಮ ಪ್ರವೇಶದ ಅಪರಾಧ. ಆದಾಯದ ಕನಿಷ್ಠ ಶೇಕಡಾ 51 ಮದ್ಯದಿಂದ ಬರುವ ಬಾರುಗಳಲ್ಲಿ ಕೆಂಪು ಬಣ್ಣದ 51ರ ಫಲಕವೇ ಇರುತ್ತೆ. ಅಲ್ಲಿಗೂ ಒಯ್ಯುವಂತಿಲ್ಲ.

ಮಾವ: ಸರಿ, ನಿಲ್ಲಿಸಿದರು ಅಂತಿಟ್ಟುಕೋ. ಆಗ ನೀನು ಏನು ಮಾಡ್ತೀಯ?

ಅಳಿಯ: ಕೈ ಎರಡೂ ಕಾಣುವ ಹಾಗೆ ಇಡ್ತೀನಿ. ಕಾರಿನಲ್ಲಿದ್ದರೆ ಸ್ಟಿಯರಿಂಗ್ ಮೇಲೆ, ರಾತ್ರಿಯಾದರೆ ಒಳಗಿನ ದೀಪ ಹಾಕಿ. ಪಿಸ್ತೂಲಿನ ಕಡೆ ಕೈ ಹೋಗಬಾರದು, ತೆಗೆದು ಕೊಡ್ತೀನಿ ಅಂತಲೂ ಮುಟ್ಟಬಾರದು. ಲೈಸೆನ್ಸ್ ಯಾವ ಜೇಬಿನಲ್ಲಿದೆ ಅಂತ ಬಾಯಲ್ಲಿ ಹೇಳಿ, ತೆಗೀಲಾ ಅಂತ ಕೇಳಿ, ಆಮೇಲೆ ತೆಗೀಬೇಕು. ಆಯುಧ ಇರೋದನ್ನು ಕೇಳದೆ ಇದ್ದರೂ ಹೇಳಬೇಕಾ ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಿಷಿಗನ್‌ನಲ್ಲಿ ಬಚ್ಚಿಟ್ಟು ಒಯ್ಯುವ ಪರವಾನಗಿದಾರ ಪೊಲೀಸ್ ತಡೆದ ಕೂಡಲೇ ತಾನಾಗೇ ಹೇಳಬೇಕು. ಒಹಾಯೊದಲ್ಲಿ 2022ರಿಂದ ಕೇಳಿದರೆ ಹೇಳಿದರೆ ಸಾಕು. ಟೆಕ್ಸಸ್‌ನಲ್ಲಿ ಪೊಲೀಸ್ ತನ್ನ ರಕ್ಷಣೆಗೆ ಅಗತ್ಯ ಅನ್ನಿಸಿದರೆ ಪರವಾನಗಿದಾರನ ಆಯುಧ ತೆಗೆದಿಟ್ಟುಕೊಳ್ಳಬಹುದು, ತಪ್ಪೇನೂ ಇಲ್ಲದಿದ್ದರೆ ಬಿಟ್ಟು ಕಳಿಸುವಾಗ ವಾಪಸು ಕೊಡಬೇಕು. ತಡೆದದ್ದೇ ತಪ್ಪು ಅನ್ನಿಸಿದರೂ ರಸ್ತೆಯಲ್ಲಿ ವಾದಕ್ಕೆ ಇಳೀಬಾರದು. 'ನಾನು ಹೋಗಬಹುದಾ' ಅಂತ ಒಮ್ಮೆ ಸ್ಪಷ್ಟವಾಗಿ ಕೇಳೋದು. ಇಲ್ಲ ಅಂದರೆ ನಿಲ್ಲೋದು. ಉಳಿದದ್ದು ವಕೀಲರ ಮೂಲಕ.

ಮಾವ: ಇದನ್ನೆಲ್ಲ ಬೆಂಗಳೂರಿನಿಂದ ಈಗಷ್ಟೇ ಬಂದ ಹುಡುಗರಿಗೆ ಯಾರು ಹೇಳಿಕೊಡುತ್ತಾರೆ? ಗೆಳೆಯರನ್ನು ನೋಡಿ ಅವರೂ ಒಂದು ಕೊಂಡುಕೊಂಡರೆ?

ಅಳಿಯ: ಅವರು ಕೊಳ್ಳಲೇಬಾರದು. ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಎಚ್-1ಬಿ, ವಿದ್ಯಾರ್ಥಿ ವೀಸಾದಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು, ತೋಟಾ ಇಟ್ಟುಕೊಳ್ಳುವುದು ಒಕ್ಕೂಟ ಕಾನೂನಿನಲ್ಲಿ ಅಪರಾಧ. 15 ವರ್ಷದವರೆಗೂ ಸೆರೆವಾಸ ಆಗಬಹುದು. ಬೇಟೆಯ ಪರವಾನಗಿ ಪಡೆದವರಿಗೆ ಇರುವಂಥ ಕೆಲವೇ ವಿನಾಯಿತಿಗಳು ಉಂಟು. ಗೆಳೆಯರ ಜೊತೆ ಶೂಟಿಂಗ್ ರೇಂಜ್‌ಗೆ ಹೋಗಿ ಬಾಡಿಗೆ ಪಿಸ್ತೂಲು ಕೈಗೆ ತೆಗೆದುಕೊಂಡರೂ ಅದೇ ಕಾನೂನು ತಟ್ಟಬಹುದು. ಟೆಕ್ಸಸ್‌ನ ಕಾನೂನು ಎಷ್ಟೇ ಉದಾರವಾಗಿದ್ದರೂ ಇದರಿಂದ ಪಾರು ಮಾಡದು. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ.

ಮಾವ: ನೋಡು, ಅಲ್ಲಿಗೇ ಬಂತು. ಕಾಣುವ ಪಿಸ್ತೂಲು ಕಾನೂನು ಒಪ್ಪಿದ್ದೋ ಅಲ್ಲವೋ ಅನ್ನೋದು ಕಣ್ಣಿಗೆ ಕಾಣೋದಿಲ್ಲ. ಹಿಡಿದವನು ವೀಸಾದವನೋ, ಶಿಕ್ಷೆಯಾದ ಅಪರಾಧಿಯೋ, ಹೆಂಡತಿಯ ಹತ್ತಿರ ಬರಬಾರದು ಅಂತ ಕೋರ್ಟ್ ತಡೆಹಾಕಿದವನೋ, ಕೇಳದೆ ಗೊತ್ತಾಗೋದು ಹೇಗೆ? ಕೇಳುವ ಅಧಿಕಾರವನ್ನಷ್ಟೇ ಕೊಡಿ ಅಂತೀನಿ. ಪರವಾನಗಿಯನ್ನೇ ತೆಗೆದುಹಾಕಿದರೆ ಅದಕ್ಕೂ ದಾರಿ ಉಳಿಯೋದಿಲ್ಲ.

ಅಳಿಯ: 2015ರಲ್ಲಿ ಟೆಕ್ಸಸ್ ಶಾಸನಸಭೆಯಲ್ಲಿ ಇದೇ ಜಗಳ ನಡೆಯಿತು. ಪಿಸ್ತೂಲು ಕಂಡದ್ದಕ್ಕೇ ಪರವಾನಗಿ ಕೇಳಲು ನಿಲ್ಲಿಸಬಾರದು ಅಂತ ಒಂದು ತಿದ್ದುಪಡಿ ತಂದರು. ಡೆಮಾಕ್ರಟ್ ಒಬ್ಬರು, ರಿಪಬ್ಲಿಕನ್ ಒಬ್ಬರು ಅದರ ಬೆನ್ನಿಗೆ ನಿಂತರು. ಪೊಲೀಸ್ ಸಂಘಗಳು ವಿರೋಧಿಸಿದವು. ಕೊನೆಗೆ ಎರಡೂ ಸದನದ ಜಂಟಿ ಸಮಿತಿಯಲ್ಲಿ ಅದು ಬಿದ್ದುಹೋಯಿತು. ತಿದ್ದುಪಡಿ ಕೇಳಿದವರ ಭಯ ಏನಿತ್ತು ಗೊತ್ತಾ? ಎಲ್ಲರನ್ನೂ ಕೇಳಬಹುದು ಅಂತ ಬರೆದರೆ ಬೀದಿಯಲ್ಲಿ ಕೇಳಿಸಿಕೊಳ್ಳುವವರು ಕಪ್ಪು ಜನ, ಕಂದು ಜನ ಆಗಿರುತ್ತಾರೆ ಅಂತ. ನನ್ನ ಬಣ್ಣ ನೋಡಿ ಮಾವ, ಆ ಭಯ ನನ್ನದೂ ಹೌದು.

ಮಾವ: ಆ ಭಯ ಸುಳ್ಳು ಅನ್ನೋದಿಲ್ಲ. ಆದರೆ ಕೇಳುವ ಅಧಿಕಾರ ಕಿತ್ತುಕೊಂಡ ಮಾತ್ರಕ್ಕೆ ಪೊಲೀಸನ ಕಣ್ಣು ಬದಲಾಗೋದಿಲ್ಲ. ಕಾರಣ ಹೇಳಿ ಕೇಳುತ್ತಿದ್ದವನು ಕಾರಣ ಹೇಳದೆ ಗುರಿಯಿಡುತ್ತಾನೆ.

ಅಳಿಯ: ಅಥವಾ ಕಾರಣ ಹುಡುಕೋದನ್ನು ಕಲಿಯುತ್ತಾನೆ. ಬೀವರ್‌ಕ್ರೀಕ್‌ನಲ್ಲಿ ತಪ್ಪಿದ್ದು ಫೋನಿನ ಹಂತದಲ್ಲಿ. 911 ಎತ್ತಿಕೊಂಡವರು ಇನ್ನೆರಡು ಪ್ರಶ್ನೆ ಒತ್ತಿ ಕೇಳಿದ್ದರೆ ಪೊಲೀಸರು ಬೇರೆ ಥರ ಒಳಗೆ ಹೋಗುತ್ತಿದ್ದರು ಅಂತ ನನ್ನ ನಂಬಿಕೆ.

ಮಾವ: ಕಂಟ್ರೋಲ್ ರೂಮಿನಲ್ಲಿ ಕೂತವರ ತರಬೇತಿಯ ವಿಷಯದಲ್ಲಿ ನಿನ್ನ ಜೊತೆ ನಾನಿದ್ದೀನಿ. ಆಯುಧ ಕೈಯಲ್ಲಿದೆಯಾ, ಒರೆಯಲ್ಲಿದೆಯಾ? ಯಾರ ಮೇಲಾದರೂ ಎತ್ತಿದ್ದನ್ನು ನೀವೇ ಕಂಡಿರಾ, ಬೇರೆಯವರು ಹೇಳಿದ್ದಾ? ಏನಾದರೂ ಕೂಗಾಡುತ್ತಿದ್ದಾನಾ? ಜೊತೆಗೆ ಮಕ್ಕಳಿದ್ದಾರಾ? ಈಗ ಯಾವ ಕಡೆ ಹೋಗ್ತಿದ್ದಾನೆ? ಇಷ್ಟನ್ನು ಕೇಳಿ, ಉತ್ತರ ಹೇಗೆ ಬಂತೋ ಹಾಗೇ ಗಸ್ತು ಕಾರಿಗೆ ದಾಟಿಸಬೇಕು. ಬರಿ 'ಗನ್ ಹಿಡಿದ ಮನುಷ್ಯ' ಅಂತ ಹೇಳಿ ಕಳಿಸಿದರೆ ನನ್ನಂಥವನೂ ಪಿಸ್ತೂಲು ಬಿಚ್ಚಿಕೊಂಡೇ ಕಾರಿಂದ ಇಳೀತಾನೆ.

ಅಳಿಯ: ಅಷ್ಟು ಕೇಳಿದ ಮೇಲೆ, ಒರೆಯಲ್ಲೇ ಇದೆ, ಯಾರ ತಂಟೆಗೂ ಹೋಗಿಲ್ಲ ಅಂತ ಉತ್ತರ ಬಂದರೆ ಕಾರು ಕಳಿಸೋದೇ ಬೇಡ ಅಂತೀನಿ.

ಮಾವ: ಕಳಿಸಬೇಕು. ಒಂದು ಸುತ್ತು ಹಾಕಿ, ದೂರದಿಂದ ನೋಡಿ ಹೋಗಲಿ.

ಅಳಿಯ: ನೋಡಿ ಹೋಗೋದಕ್ಕೆ ನನ್ನ ಅಡ್ಡಿಯಿಲ್ಲ. ನಿಲ್ಲಿಸಬಾರದು.

ಮಾವ: ನಿಲ್ಲಿಸಬೇಕೋ ಬೇಡವೋ ಅನ್ನೋದನ್ನು ನೋಡಿದವನು ಅಲ್ಲೇ ತೀರ್ಮಾನಿಸಬೇಕಾಗುತ್ತೆ.